ಸಪ್ಪಳ ಮಾಡ್ಲಕ್ಕಂತ ಹೊಲದ ಮನಿ ಬಾಡಿಗಿ ಹಿಡದ್ವಿ: ಮೂರು ಸಲ ಹೋಗಿ ಬಂದ ಮ್ಯಾಲ ಬರದಿದ್ದು

ಕಲಬುರಗಿ ಸುತ್ತ ಫಾರ್ಮ್‌ಹೌಸ್ ಅಂದ್ರ ಜನ ಹೋಗೋದು ಬರ್ತ್‌ಡೇ ಪಾರ್ಟಿಗಿ, ಇಲ್ಲಾಂದ್ರ ಎರಡು ದಿನ ಆರಾಮ್ ಮಲ್ಕೊಳ್ಳಾಕ. ನಮ್ಮ ಕೇಸ್ ಬ್ಯಾರೆ ಅದ. ನನ್ನ ಹತ್ರ ಮಾಮಾ ಬಿಟ್ಟು ಹೋದ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ಅದ, 250 ಸಿಸಿ, ಎರಡು ಸೈಲೆನ್ಸರ್, ಎಡಗಡೆ ಕಿಕ್ ಹೊಡಿಯೋ ಲಿವರ್‌ನೇ ಹೊರಳಿಸಿದ್ರ ಗೇರ್ ಲಿವರ್ ಆಗ್ತದ ನೋಡ್ರಿ ಅದು. ಅದನ್ನ ಮಾಡ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಾಗೇ ಮುಚ್ಚಿ ಹೋಯ್ತು, ಹಿಂಗಾಗಿ ಪಾರ್ಟ್ ಸರಿ ಕೂಡ್ಲಿಲ್ಲಂದ್ರ ನಾನೇ ಗ್ರೈಂಡರ್ ಹಿಡದು ತಿಕ್ಕಿ ತಿಕ್ಕಿ ಕೂಡಿಸ್ಬೇಕು. ಮ್ಯಾಲ ನಮ್ಮ ಹುಡುಗ ಹತ್ತನೇತ್ತಾ ಪಾಸಾದ ಖುಷಿಗಿ ಡ್ರಮ್ ಸೆಟ್ ಕೊಡಿಸ್ಕೊಂಡಾನ. ನಮ್ಮದು ಮಾಳಗಿ ಮ್ಯಾಲಿನ ಬಾಡಿಗಿ ಮನಿ, ಕೆಳಗ ರಿಟೈರ್ ಆದ ಮಾಸ್ತರು ಇರ್ತಾರ, ಬಿಪಿ ಅದ ಅವರಿಗಿ. ಗ್ರೈಂಡರ್ ಚಾಲೂ ಮಾಡಿದ್ರ ಮೆಟ್ಟಿಲ ಹತ್ರ ಬಂದು ನಿಂತು ಏನೂ ಅನ್ನಂಗಿಲ್ಲ, ಸುಮ್ಕ ನೋಡ್ತಾರ. ಬೈದಿದ್ರ ಛಲೋ ಇತ್ತು.

ಅದಕ್ಕ ಆಳಂದ ರೋಡಿನಿಂದ ಒಳಗ ಒಂದು ತೋಟದ ಮನಿ ಹಿಡದ್ವಿ. ಶನಿವಾರ ಮುಂಜಾನಿಯಿಂದ ಆಯಿತವಾರ ಸಂಜಿತನಕ 4,500 ರೂಪಾಯಿ, 2,000 ಡಿಪಾಸಿಟ್. ಹೆಸರು ಬರಿಯಂಗಿಲ್ಲ, ಮಾಲಕರು ಛಲೋ ಮನಷ್ಯಾ, ಆದ್ರ ನಾ ಹೇಳೋದ್ರಾಗ ಅವರಿಗಿ ಚುಚ್ಚೋದೂ ಅದ.

ಫೋನಿನಾಗ ಅವರು ಹೇಳಿದ್ದು, "ಸುತ್ತ ಯಾರೂ ಇಲ್ರಿ, ಏನ್ ಬೇಕಾದ್ದು ಬಾರಿಸ್ರಿ" ಅಂತ. ಮಂದಿ ಇಲ್ಲ ಅನ್ನೋದು ನಿಜಾನೇ. ಎಮ್ಮಿ ಅದಾವ. ಮೊದಲನೇ ಸಂಜಿ ಹುಡುಗ ಬಾರಿಸಲಾಕ ಕುಂತು ಹತ್ತು ನಿಮಿಷ ಆಗಿಲ್ಲ, ಬಾಜೂ ಹೊಲದ ಕಾಕಾ ಕೈಯಾಗ ಖಾಲಿ ಚರಗಿ ಹಿಡ್ಕೊಂಡು ಬಂದ್ರು. "ತಮ್ಮಾ, ಬಾರಿಸು, ನಾ ಬ್ಯಾಡ ಅನ್ನಂಗಿಲ್ಲ, ಆದ್ರ ಹಾಲು ಹಿಂಡೋ ಹೊತ್ತಿನಾಗ ಬ್ಯಾಡಪಾ, ಎಮ್ಮಿ ಹಾಲೇ ಬಿಡವಲ್ದು." ಚರಗಿ ತೋರ್ಸಿದ್ರು, ತಳದಾಗ ಬಟ್ಟಲಷ್ಟು ಹಾಲು ಇತ್ತು. ನನಗ ನಾಚಿಕಿ ಆಯ್ತು ನೋಡ್ರಿ. ಅವತ್ತಿಂದ ಮುಂಜಾನಿ ಏಳರತನಕ ಮತ್ತ ಸಂಜಿ ಐದರಿಂದ ಏಳು ನಮ್ಮದೆಲ್ಲಾ ಬಂದ್.

ಆಮೇಲೆ ಕುಂತು ಲೆಕ್ಕಾ ಹಾಕ್ದೆ. ಬಯಲಿನಾಗ ದೂರ ಡಬಲ್ ಆದಂಗ ಸಪ್ಪಳ 6 ಡೆಸಿಬೆಲ್ ಇಳಿತದ, ಅಂದ್ರ ಡ್ರಮ್ಮಿನಿಂದ ಒಂದು ಮೀಟರಿಗಿ 100 ಇದ್ರ 64 ಮೀಟರಿಗಿ ಹೋದ್ರೂ 64 ಡೆಸಿಬೆಲ್ ಉಳಿತದ. ಶಬ್ದ ಮಾಲಿನ್ಯದ 2000ನೇ ಇಸವಿ ರೂಲ್ಸ್ ಪ್ರಕಾರ ವಸತಿ ಏರಿಯಾದಾಗ ಹಗಲಿಗಿ 55, ರಾತ್ರಿ ಹತ್ತರಿಂದ ಆರರತನಕ 45. ಕಾಕಾಂದು ಕೊಟ್ಟಿಗಿ ಅಷ್ಟೇ ದೂರದಾಗ ಅದ, ಶಹರದಾಗ ಗಾಡಿ ಸಪ್ಪಳದಾಗ ಮುಳುಗಿ ಹೋಗೋದು ಹೊಲದ ಶಾಂತದಾಗ ಮುಳಗಂಗಿಲ್ಲ. ನಾವು ಊರ ಹೊರಗ ಬಂದ್ವಿ ಅಂತ ಸಪ್ಪಳ ಕಮ್ಮಿ ಆಗಂಗಿಲ್ಲ, ಇನ್ನಾ ಚಂದ ಕೇಳಸ್ತದ.

ಮನಿ ಬಗ್ಗೆ ಹೇಳ್ಬೇಕಂದ್ರ ಎರಡು ಖೋಲಿ, ನೆಲಕ್ಕ ಶಹಾಬಾದ್ ಕಲ್ಲು, ಮಧ್ಯಾಹ್ನ ಬರೇ ನೆಲದ ಮ್ಯಾಲ ಮಲ್ಕೊಂಡ್ರ ಸ್ವರ್ಗ. ಡ್ರಮ್ಮಿಗಿ ಮಾತ್ರ ನರಕ. ಕಲ್ಲು, ಗೋಡಿ, ಸಜ್ಜಾ ಎಲ್ಲಾ ಸೇರಿ ಒಂದು ಏಟಿಗಿ ನಾಕು ಏಟು ವಾಪಸ್ ಕೊಡ್ತಾವ, ಹುಡುಗನಿಗಿ ತಾಳ ಎಲ್ಲಿ ತಪ್ತು ಅಂತನೇ ತಿಳಿವಲ್ದು. ಕೊನೀಗಿ ನಮ್ಮಾಕಿ ಅಲ್ಲಿದ್ದ ಕೌದಿ ಎಲ್ಲಾ ತಂದು ಮೂರು ಗೋಡಿಗಿ ಹಗ್ಗ ಕಟ್ಟಿ ಹಾಕಿದ್ಲು, ಕಾಲಿನ ಕೆಳಗ ಒಂದು ದಪ್ಪಂದು. ಅಷ್ಟಕ್ಕೇ ಸಪ್ಪಳ ಕೂತ್ಕೊಂತು ನೋಡ್ರಿ. ನಾ ಎರಡು ರಾತ್ರಿ ಯೂಟ್ಯೂಬ್ ನೋಡಿದ್ದೆ ಇದಕ್ಕಂತ.

ಗಾಡಿ ಕೆಲಸಕ್ಕ ಹಿಂದ ಪತ್ರಾಸ್ ಶೆಡ್ ಅದ. ನವೆಂಬರ್‌ದಾಗ ಮಜಾ ಇತ್ತು. ಏಪ್ರಿಲ್‌ದಾಗ ಹೋದಾಗ ಹನ್ನೊಂದು ಗಂಟೆಗೇ ಪಾನಾ ಕೈಗಿ ಹಿಡಿಯಾಕ ಆಗವಲ್ದು, ಮಧ್ಯಾಹ್ನ ಪೂರ್ತಿ ಕೆಲಸ ಬಂದ್. ಕರೆಂಟಿಂದು ಇನ್ನೊಂದು ಕಥಿ, ಪಂಪಿನ ತ್ರೀ ಫೇಸ್ ಬಂತಂದ್ರ ಸುತ್ತಲಿನ ಮೋಟಾರ್ ಎಲ್ಲಾ ಒಮ್ಮೇ ಚಾಲೂ ಆಗ್ತಾವ, ವೋಲ್ಟೇಜ್ ಬೀಳ್ತದ, 11,000 ಆರ್‌ಪಿಎಂ ತಿರಗೋ ಗ್ರೈಂಡರ್ ಮುದುಕನಂಗ ನರಳ್ತದ. ಅಂಥದ್ರಾಗ ಒತ್ತಿ ತಿಕ್ಕಬ್ಯಾಡ್ರಿ, ಮೋಟಾರ್ ಸುಡ್ತದ, ನಂದು ವಾಸನಿ ಬರೋತನಕ ಹೋಗಿತ್ತು. ಮಾಲಕರಿಗಿ ಸ್ಟೆಬಿಲೈಜರ್ ಕೇಳಿದ್ರ "ನೋಡಾಣ್ರಿ" ಅಂದ್ರು. ಮೂರು ಸಲಾನೂ ನೋಡಾಣ್ರಿ. ಇನ್ನ ಜಗಲಿ ಮ್ಯಾಲ ನಾ ಟೂ-ಟಿ ಆಯಿಲ್ (ಗಾಡಿ ಪೆಟ್ರೋಲಿನಾಗ ಕೂಡಿಸೋದು) ಚೆಲ್ಲಿದೆ, ಶಹಾಬಾದ್ ಕಲ್ಲು ಆಯಿಲ್ ಕುಡದ್ರ ಕಲೆ ಹೋಗಂಗಿಲ್ಲ, ಡಿಪಾಸಿಟ್‌ದಾಗ 500 ಮುರ್ಕೊಂಡ್ರು. ಅದು ನಂದೇ ತಪ್ಪು, ಒಪ್ತೀನಿ.

ಊಟ ಫಸ್ಟ್ ಕ್ಲಾಸ್. ಕಾವಲಗಾರನ ಹೆಣ್ತಿ ಮಾಡೋ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅದಕ್ಕ ಬ್ಯಾರೆ ರೊಕ್ಕ, ಆದ್ರ ಕೊಡ್ಲಾಕ ಬ್ಯಾಸರಿಲ್ಲ.

ಜನವರಿದಾಗ ಹೋಗಿದ್ದು ಮಾತ್ರ ಪೂರ್ತಿ ಲಾಸ್. ತೊಗರಿ ರಾಶಿ ಟೈಮ್. ಆಜೂಬಾಜೂ ಹೊಲದಾಗ ರಾಶಿ ಮಷೀನ್ ಹಚ್ಚಿದ್ರು, ಧೂಳು ಒಂದು ಕಡಿ, ಸಪ್ಪಳ ಒಂದು ಕಡಿ, ನನ್ನ ಯೆಜ್ಡಿ ಚಾಲೂ ಅದನೋ ಬಂದ್ ಆಗ್ಯದನೋ ಸೈಲೆನ್ಸರ್‌ಗೆ ಕೈ ಹಿಡದು ನೋಡ್ಬೇಕು. ಹುಡುಗ ಡ್ರಮ್ಮಿನ ಮುಂದ ಕಿವಿ ಮುಚ್ಕೊಂಡು ಕುಂತಿದ್ದ. ಬಾಜೂ ಕಾಕಾ ಬಂದು ನಕ್ಕೋತ, "ಇವತ್ತ ನಮ್ಮ ಪಾಳಿ" ಅಂದ್ರು. ಬುಕ್ ಮಾಡೋವಾಗ ಮಾಲಕರು ಇದನ್ನ ಹೇಳ್ಬೇಕಿತ್ತು.

ಸ್ವಂತ ಜಾಗಾ ತಗೊಳ್ಳೋಣ ಅಂತ ನಮ್ಮಾಕಿ ಹೇಳ್ಲತ್ತಾಳ, ಕರ್ನಾಟಕದ ಭೂ ಸುಧಾರಣಾ ಕಾಯ್ದೆಗಿ 2020ರಾಗ ತಿದ್ದುಪಡಿ ಆದ ಮ್ಯಾಲ ರೈತರಲ್ಲದವರೂ ಹೊಲ ತಗೋಬಹುದು. ಆದ್ರ ಬ್ಯಾಸಗಿ ತೆಗದು, ರಾಶಿ ತೆಗದು, ಹಾದಿ ಕೆಸರಾಗೋ ಮಳಿಗಾಲ ತೆಗದು, ವರ್ಷಕ್ಕ ಎಂಟೋ ಹತ್ತೋ ವಾರ ಉಳಿತಾವ. ಅಷ್ಟಕ್ಕ ಬಾಡಿಗೀನೇ ಸಾಕು ಅಂತ ನಂದು. ಐದಕ್ಕ ಮೂರೂವರಿ ಕೊಡ್ತೀನಿ, ಸ್ಟೆಬಿಲೈಜರ್ ಹಚ್ಚಿದ್ರ ನಾಕು.

ಹೋಗೋರಿದ್ರ ನವೆಂಬರ್‌ದಾಗ ಹೋಗ್ರಿ, ಹೋದ ಕೂಡ್ಲೇ ಕಾಕಾಗ ಮಾತಾಡ್ಸಿ ಹಾಲಿನ ಟೈಮ್ ಕೇಳ್ಕೊಳ್ರಿ, ಮತ್ತ ಕೌದಿ ನಿಮ್ಮ ಮನಿದೇ ಒಯ್ರಿ, ಅಲ್ಲಿದ್ದವು ಯಾವ ಕಾಲದಾಗ ಒಗದಾರೋ ಏನೋ.