ಎಳೆಯ ಬರ್ಬನ್ ಮತ್ತು ಮಾಗಿದ ಬರ್ಬನ್: ಮೂರು ಬಾಟಲಿಗಳ ಹೋಲಿಕೆ

ಬರ್ಬನ್ ಎಂದರೆ ಮೆಕ್ಕೆಜೋಳವೇ ಮುಖ್ಯವಾಗಿರುವ ಅಮೆರಿಕದ ವಿಸ್ಕಿ. ಸಣ್ಣ ಡಿಸ್ಟಿಲರಿಗಳ, ಅಂದರೆ ಮದ್ಯ ಭಟ್ಟಿ ಇಳಿಸುವ ಕಾರ್ಖಾನೆಗಳ, ಕೆಲವೇ ವರ್ಷ ಮಾಗಿದ ಎಳೆಯ ಬರ್ಬನ್ನಿಗೆ ಕೆಂಟಕಿ ರಾಜ್ಯದ ದೊಡ್ಡ ಕಂಪನಿಗಳ ಸಾಮಾನ್ಯ ಬರ್ಬನ್ನಿಗಿಂತ ಎರಡು, ಮೂರು ಪಟ್ಟು ಹಣ ತೆರಬೇಕಾಗಿರುವಾಗ, ಆ ಹೆಚ್ಚಿನ ಹಣಕ್ಕೆ ಲೋಟದಲ್ಲಿ ಏನು ಸಿಗುತ್ತದೆ ಎಂದು ಕೇಳುವುದು ನ್ಯಾಯವೇ. ಅದನ್ನು ತಿಳಿಯಲು ಮೂರು ಬಾಟಲಿಗಳನ್ನು ಅಕ್ಕಪಕ್ಕದಲ್ಲಿಟ್ಟು ಸವಿದು ನೋಡಿದೆ: ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ತಯಾರಾಗುವ ಕಿಂಗ್ಸ್ ಕೌಂಟಿ ಸ್ಟ್ರೇಟ್ ಬರ್ಬನ್, ಅದೇ ರಾಜ್ಯದ ಗಾರ್ಡಿನರ್ ಎಂಬ ಊರಿನಿಂದ ಬರುವ ಹಡ್ಸನ್ ಬ್ರೈಟ್ ಲೈಟ್ಸ್ ಬಿಗ್ ಬರ್ಬನ್, ಮತ್ತು ಇವೆರಡಕ್ಕೆ ಅಳತೆಗೋಲಾಗಿ ಕೆಂಟಕಿಯ ಇವಾನ್ ವಿಲಿಯಮ್ಸ್ ಬಾಟಲ್ಡ್ ಇನ್ ಬಾಂಡ್, ಅಂದರೆ ಬಿಳಿ ಲೇಬಲ್ಲಿನದು.

ಮೂರಕ್ಕೂ ಮೂಲ ಕಾನೂನು ಒಂದೇ. ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳವಿರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕು, ಬಣ್ಣವನ್ನಾಗಲಿ ರುಚಿಯನ್ನಾಗಲಿ ಹೊರಗಿನಿಂದ ಸೇರಿಸುವಂತಿಲ್ಲ. ಆದರೆ ಬರೀ ‘ಬರ್ಬನ್’ ಎನಿಸಿಕೊಳ್ಳಲು ಇಷ್ಟು ಕಾಲ ಮಾಗಲೇಬೇಕೆಂಬ ಕಟ್ಟಳೆಯಿಲ್ಲ. ‘ಸ್ಟ್ರೇಟ್’ ಎಂದು ಬರೆಯಲು ಎರಡು ವರ್ಷ ಬೇಕು, ಅದೂ ನಾಲ್ಕು ವರ್ಷಕ್ಕಿಂತ ಎಳೆಯದಾಗಿದ್ದರೆ ವಯಸ್ಸನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. 1897ರ ಕಾಯ್ದೆಯ ಪ್ರಕಾರ ‘ಬಾಟಲ್ಡ್ ಇನ್ ಬಾಂಡ್’ ಎಂದರೆ ಒಂದೇ ಡಿಸ್ಟಿಲರಿಯಲ್ಲಿ ಒಂದೇ ಹಂಗಾಮಿನಲ್ಲಿ ಭಟ್ಟಿ ಇಳಿಸಿ, ಕನಿಷ್ಠ ನಾಲ್ಕು ವರ್ಷ ಮಾಗಿಸಿ, ಶೇ. 50ರ ಮದ್ಯಸಾರದಲ್ಲಿ ತುಂಬಿದ್ದು. ಕೊಳ್ಳುವವರು ಬಾಟಲಿಯ ಮುಂದಿನ ಚಿತ್ತಾರಕ್ಕಿಂತ ಈ ಸಣ್ಣ ಅಕ್ಷರಗಳಿಗೆ ಹೆಚ್ಚು ಬೆಲೆ ಕೊಡುವುದು ಲೇಸು.

ಕಿಂಗ್ಸ್ ಕೌಂಟಿಯಲ್ಲಿ ಮದ್ಯಸಾರ ಶೇ. 45, ಹಡ್ಸನ್‌ನಲ್ಲಿ 46. ಘಾಟಿನ ವ್ಯತ್ಯಾಸವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದೆಂದು, ಇವಾನ್ ವಿಲಿಯಮ್ಸ್‌ನ 30 ಮಿ.ಲೀ.ಗೆ 3 ಮಿ.ಲೀ. ನೀರು ಬೆರೆಸಿ ಮೂರನ್ನೂ ಸರಿಸುಮಾರು ಒಂದೇ ಮಟ್ಟಕ್ಕೆ ತಂದ ಮೇಲೆಯೇ ಸವಿದೆ.

ಬಣ್ಣವನ್ನು ನೋಡಿ ಮೂರರಲ್ಲಿ ಎಳೆಯದು ಯಾವುದೆಂದು ಹೇಳುವುದು ಕಷ್ಟ. ಇದಕ್ಕೆ ಪೀಪಾಯಿಯ ಗಾತ್ರವೂ ಒಂದು ಕಾರಣವಿರಬಹುದು. ಕೆಂಟಕಿಯ ರೂಢಿಯ ಪೀಪಾಯಿ 53 ಗ್ಯಾಲನ್, ಅಂದರೆ ಸುಮಾರು 200 ಲೀಟರಿನದು. ಹೊಸದಾಗಿ ಆರಂಭವಾದ ಸಣ್ಣ ಡಿಸ್ಟಿಲರಿಗಳಲ್ಲಿ ಅನೇಕವು 5 ಗ್ಯಾಲನ್ನಿನಷ್ಟು ಪುಟ್ಟ ಪೀಪಾಯಿಗಳನ್ನು ಬಳಸಿದವು. ಅಷ್ಟು ಚಿಕ್ಕದರಲ್ಲಿ ಪ್ರತಿ ಲೀಟರಿಗೂ ದೊಡ್ಡದರ ಎರಡು ಪಟ್ಟಿಗಿಂತ ಹೆಚ್ಚು ಮರ ತಾಗುವುದರಿಂದ ಬಣ್ಣ, ವೆನಿಲ್ಲಾ ಮತ್ತು ಒಗರು ಬೇಗನೆ ಇಳಿಯುತ್ತವೆ. ಆದರೆ ಮರದ ಸಂದುಗಳಿಂದ ನುಸುಳುವ ಗಾಳಿಯೊಡನೆ ನಿಧಾನವಾಗಿ ನಡೆಯುವ ಬದಲಾವಣೆ, ಹಣ್ಣಿನ ಪರಿಮಳ ಕೂಡಿಬರುವ ಕ್ರಿಯೆ, ಇವಕ್ಕೆ ಕಾಲವೇ ಬೇಕು. ಜೋರು ಉರಿಯಲ್ಲಿ ಅವಸರವಾಗಿ ಕುದಿಸಿದ ಸಾರಿನಲ್ಲಿ ಹುಳಿ, ಖಾರ ಎಲ್ಲವೂ ಇದ್ದೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲವಲ್ಲ, ಹಾಗೆ.

ಕಿಂಗ್ಸ್ ಕೌಂಟಿ 2010ರಲ್ಲಿ ಆರಂಭವಾದ ಡಿಸ್ಟಿಲರಿ. ಈಗ ಬ್ರೂಕ್ಲಿನ್‌ನ ಹಳೆಯ ನೌಕಾನೆಲೆಯ ಆವರಣದಲ್ಲಿದೆ. ಇವರ ಧಾನ್ಯದಲ್ಲಿ ಶೇ. 80 ಮೆಕ್ಕೆಜೋಳ, ಉಳಿದ 20 ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ; ಖಾರದ ಚುರುಕು ಕೊಡುವ ರೈ ಎಂಬ ಧಾನ್ಯ ಇಲ್ಲ. ತಾಮ್ರದ ಹಂಡೆಗಳಲ್ಲಿ ಇಳಿಸುವುದರಿಂದ ಧಾನ್ಯದ ಗುಣ ಬಹುಪಾಲು ಉಳಿಯುತ್ತದೆ. ಮೂಗಿಗೆ ಮೊದಲು ಬಂದದ್ದು ಬೇಯಿಸಿದ ತೆನೆಯ ಸಿಪ್ಪೆ ಸುಲಿಯುವಾಗ ಏಳುವ ಹಬೆಯ ವಾಸನೆ, ಅದರ ಹಿಂದೆ ಹುರಿದ ಮಾಲ್ಟ್. ಬಾಯಲ್ಲಿ ಎಣ್ಣೆಯಂತೆ ದಪ್ಪಗೆ ಹರಡಿ, ನಡುನಾಲಿಗೆಗೆ ಬೆಲ್ಲದ ಸಿಹಿ ಕೊಟ್ಟು, ಕೊನೆಗೆ ಅಡಿಕೆಯ ಒಗರಿನಲ್ಲಿ ನಿಲ್ಲುತ್ತದೆ. ನಾಲ್ಕಾರು ಹನಿ ನೀರು ಹಾಕಿದರೆ ಒಗರು ತಗ್ಗಿ ಮಾಲ್ಟ್ ಮುಂದೆ ಬರುತ್ತದೆ. ಹಳೆಯ ಬರ್ಬನ್ನನ್ನು ಅನುಕರಿಸುವ ಹಂಬಲ ಇದರಲ್ಲಿ ನನಗೆ ಕಾಣಲಿಲ್ಲ; ಧಾನ್ಯದ ರುಚಿಯನ್ನೇ ಮುಂದಿಟ್ಟುಕೊಂಡು ನಡೆಯುತ್ತದೆ, ಅದೇ ಇದರ ಬಲ.

ಹಡ್ಸನ್ ಮೊದಲು ಹೆಸರು ಮಾಡಿದ್ದು ಬೇಬಿ ಬರ್ಬನ್ ಎಂಬ ಪುಟ್ಟ ಬಾಟಲಿಯಿಂದ. ಪೀಪಾಯಿಗಳ ನಡುವೆ ಸ್ಪೀಕರ್ ಇಟ್ಟು, ಸಂಗೀತದ ಕಂಪನದಿಂದ ವಿಸ್ಕಿಯನ್ನು ಬೇಗ ಮಾಗಿಸಲು ಹೊರಟವರೂ ಇವರೇ. ಉಪಾಯ ಸೊಗಸಾಗಿದೆ, ಆದರೆ ಕಾಲಕ್ಕೆ ಅದು ಬದಲಿಯಾದೀತೆಂದು ನಾನು ನಂಬಲಾರೆ. ನಾನು ಸವಿದ ಬ್ರೈಟ್ ಲೈಟ್ಸ್ ಮೂರು ವರ್ಷ ಮಾಗಿದ್ದು, ಶೇ. 95 ಮೆಕ್ಕೆಜೋಳದ್ದು. ಬೆಣ್ಣೆ ಮತ್ತು ವೆನಿಲ್ಲಾದ ಸಿಹಿ ಧಾರಾಳವಾಗಿದೆ, ಒಗರು ಕಡಿಮೆ, ಮೈ ಹಗುರ. ಹೊಸಬರಿಗೆ ಕೊಡುವುದಾದರೆ ನಾನು ಇದನ್ನೇ ಕೊಡುವೆ.

ಇವಾನ್ ವಿಲಿಯಮ್ಸ್ ಬಾಯಿಗಿಟ್ಟೊಡನೆ ವಯಸ್ಸಿನ ಅಂತರ ತಿಳಿಯಿತು. ಹುರಿದ ಶೇಂಗಾ, ಕಂದಿದ ಸಕ್ಕರೆ, ಕಿತ್ತಳೆ ಸಿಪ್ಪೆ, ರೈ ತರುವ ಮೆಣಸಿನ ಚುರುಕು, ಯಾವುದೂ ಇನ್ನೊಂದನ್ನು ತುಳಿಯುವುದಿಲ್ಲ. ಗುಟುಕು ಇಳಿದ ಮೇಲೂ ರುಚಿ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಮೆಕ್ಕೆಜೋಳವನ್ನು ಇದರಲ್ಲಿ ಹುಡುಕಿ ತೆಗೆಯಬೇಕು. (ಬರ್ಬನ್ನಿಗೆ ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಒದಗದ ಕಾರಣ ಹೊರದೇಶಗಳಿಗೆ ಹೋಗುತ್ತದೆ, ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಮಾಗುವುದೂ ಇಂಥ ಪೀಪಾಯಿಗಳಲ್ಲಿ.)

ಮಂಜುಗಡ್ಡೆ ಹಾಕಿದಾಗ ಹಡ್ಸನ್ ನೀರಾಯಿತು, ಕಿಂಗ್ಸ್ ಕೌಂಟಿಯ ಒಗರು ಮತ್ತೆ ತಲೆಯೆತ್ತಿತು, ಇವಾನ್ ವಿಲಿಯಮ್ಸ್ ಅಲುಗಲಿಲ್ಲ. ಸಕ್ಕರೆ ಮತ್ತು ಬಿಟರ್ಸ್ ಎಂಬ ಕಹಿ ಹನಿಗಳನ್ನು ಬೆರೆಸಿ ಓಲ್ಡ್ ಫ್ಯಾಷನ್ಡ್ ಎಂಬ ಕಾಕ್‌ಟೇಲ್ ಮಾಡುವುದಾದರಂತೂ ಇಪ್ಪತ್ತು ಡಾಲರಿನ ಆಸುಪಾಸಿನ ಆ ಬಾಟಲಿಯನ್ನು ಬಿಟ್ಟು ಬೇರೆಯದಕ್ಕೆ ದುಡ್ಡು ಸುರಿಯಲು ನನಗೆ ಕಾರಣ ತೋರುವುದಿಲ್ಲ. ಏನನ್ನೂ ಬೆರೆಸದೆ ಕುಡಿಯುವಾಗ ಮಾತ್ರ ಕಿಂಗ್ಸ್ ಕೌಂಟಿ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುತ್ತದೆ, ಮತ್ತು ಅದನ್ನು ಇನ್ನೊಮ್ಮೆ ಕೊಳ್ಳುವುದಾದರೆ ನಾನು 200 ಮಿ.ಲೀ.ನ ಚಪ್ಪಟೆ ಬಾಟಲಿಯನ್ನೇ ಕೊಳ್ಳುತ್ತೇನೆ.