ಮೂರು ಅಂತಸ್ತಿನ ಸ್ಟೀಲ್ ಬುತ್ತಿಪಾತ್ರೆ: ಎಂಟು ತಿಂಗಳ ಬಳಕೆಯ ಬಳಿಕ

ಬದಿಯಡ್ಕದಿಂದ ಚೆರ್ಕಳದ ಮೂಲಕ ವಿದ್ಯಾನಗರದ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನಾನು ಕಾಸರಗೋಡಿನ ಪಾತ್ರೆ ಅಂಗಡಿಯೊಂದರಿಂದ ಈ ಬುತ್ತಿಪಾತ್ರೆಯನ್ನು 780 ರೂಪಾಯಿಗೆ ಕೊಂಡು ಎಂಟು ತಿಂಗಳಾಯಿತು. ಕೆಳಗಿನ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ನಡುವಿನದರಲ್ಲಿ ಪದಾರ್ಥ, ಮೇಲಿನದರಲ್ಲಿ ಪಲ್ಯ ಎಂಬ ಲೆಕ್ಕಕ್ಕೆ ಅದರ ಗಾತ್ರ ಸರಿಯಾಗಿದೆ.

ಅಂಗಡಿಯವರು ಆಯಸ್ಕಾಂತವನ್ನು ತಾಗಿಸಿ, ಅಂಟದಿರುವುದನ್ನೇ ಒಳ್ಳೆಯ ಸ್ಟೀಲಿನ ಗುರುತೆಂದು ತೋರಿಸಿದರು. ಈ ಪರೀಕ್ಷೆಯನ್ನು ನಂಬುವಂತಿಲ್ಲ. ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕೆಲ್ ಇರುವ 304 ದರ್ಜೆಯ ಸ್ಟೀಲಿಗೂ, ನಿಕ್ಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202 ದರ್ಜೆಗೂ ಆಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ನನ್ನ ಪಾತ್ರೆಯ ತಳದಲ್ಲಿ 304 ಎಂಬ ಅಚ್ಚು ಇದೆ. ಹುಣಸೆಹುಳಿಯ ಪದಾರ್ಥವನ್ನು ಇಷ್ಟು ದಿನ ತುಂಬಿದರೂ ಒಳಗೆ ಕಲೆ ಬಿದ್ದಿಲ್ಲ.

ದೂರು ಇರುವುದು ಕೊಂಡಿಯ ಬಗ್ಗೆ. ಇಂತಹ ಪಾತ್ರೆಯಲ್ಲಿ ಮೇಲಿನ ಡಬ್ಬಿಯ ತಳವೇ ಕೆಳಗಿನದಕ್ಕೆ ಮುಚ್ಚಳ. ನಡುವೆ ರಬ್ಬರ್ ವಾಷರ್ ಇಲ್ಲ. ಆದ್ದರಿಂದ ಎರಡೂ ಬದಿಯ ಕೊಂಡಿಗಳು ಬಿಗಿಯಾಗಿದ್ದರೆ ಮಾತ್ರ ರಸ ಒಳಗೆ ಉಳಿಯುತ್ತದೆ. ಮೊದಲ ತಿಂಗಳಲ್ಲೇ ಒಂದು ಕೊಂಡಿ ಸಡಿಲಾಗಿ, ಚೆರ್ಕಳ ತಲಪುವ ಮೊದಲೇ ಅನಾನಸಿನ ಮೆಣಸ್ಕಾಯಿ ನನ್ನ ಸೀರೆಯ ಮಡಿಲಿಗೆ ಇಳಿಯಿತು. ಮಾರಿದವರು ಬದಲಿಸಿಕೊಡಲಿಲ್ಲ, ಇಕ್ಕಳದಿಂದ ಅಮುಕಿ ಕೊಟ್ಟರು. ಅಂದಿನಿಂದ ತೆಳುವಾದ ಸಾರನ್ನು ಬಿಟ್ಟು ಹೆಸರುಕಾಳಿನ ಅಥವಾ ಕಡಲೆಯ ಗಸಿಯನ್ನು ಗಟ್ಟಿಯಾಗಿ ಮಾಡಿ ಒಯ್ಯುತ್ತಿದ್ದೇನೆ. ಕಾಳಿನಿಂದ ಹೊಟ್ಟೆ ಸಂಜೆಯವರೆಗೂ ತಡೆಯುತ್ತದೆ. ನಾಲ್ಕು ಗಂಟೆಯ ಬಜ್ಜಿಯ ಕಡೆಗೆ ಮನಸ್ಸು ಹೋಗುವುದೂ ಕಡಿಮೆಯಾಗಿದೆ.

ಇದಕ್ಕಿಂತ ಮೊದಲು ಬಿಸಿ ಹಿಡಿದಿಡುವ ಡಬ್ಬಿಯೊಂದನ್ನು ಬಳಸುತ್ತಿದ್ದೆ. ಅದರಲ್ಲಿ ಅನ್ನ ಮುದ್ದೆಯಾಗುತ್ತಿತ್ತು, ಅಲಸಂಡೆ ಪಲ್ಯ ಬಣ್ಣಗೆಡುತ್ತಿತ್ತು, ವಾಷರಿಗೆ ಹತ್ತಿದ ಇಂಗಿನ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಊಟದ ಹೊತ್ತಿಗೆ ಅನ್ನ ಉಗುರು ಬೆಚ್ಚಗಿರುತ್ತಿತ್ತು. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಅಥವಾ 5 ಡಿಗ್ರಿಗಿಂತ ತಣ್ಣಗೆ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೇಗ ಬೆಳೆಯುವುದರಿಂದ, ಈ ನಡುವಿನ ಬೆಚ್ಚಗೆ ಯಾವ ಪ್ರಯೋಜನಕ್ಕೂ ಬಾರದು. ಸ್ಟೀಲ್ ಪಾತ್ರೆ ಬಿಸಿಯನ್ನು ಹಿಡಿದಿಡುತ್ತೇನೆಂದು ಹೇಳುವುದೇ ಇಲ್ಲ. ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ ತೆಂಗಿನಕಾಯಿ ಅರೆದ ಪದಾರ್ಥವನ್ನು ಬೆಳಗ್ಗೆ ಎಂಟಕ್ಕೆ ತುಂಬಿ ಮಧ್ಯಾಹ್ನ ಒಂದೂಕಾಲರವರೆಗೆ ಹೊರಗಿಟ್ಟರೆ ಕೆಡುವ ಭಯ ಇದ್ದೇ ಇದೆ. ಕಚೇರಿ ತಲಪಿದೊಡನೆ ನಾನು ಇಡೀ ಪಾತ್ರೆಯನ್ನು ಫ್ರಿಜ್‌ನಲ್ಲಿಡುತ್ತೇನೆ. ಗಟ್ಟಿಯಾದ ಅನ್ನಕ್ಕೆ ಕುದಿಯುವ ನೀರು ಹೊಯ್ದು ಬಸಿದರೆ ಮತ್ತೆ ಮೆದುವಾಗುತ್ತದೆ. ಮೈಕ್ರೋವೇವ್‌ಗೆ ಈ ಪಾತ್ರೆಯನ್ನು ಇಡುವಂತಿಲ್ಲ. ಫ್ರಿಜ್ ಇಲ್ಲದ ಕಡೆ ಕೆಲಸ ಮಾಡುವವರಿಗೆ ಮಾರ್ಚ್‌ನಿಂದ ಮೇ ತನಕ ತಂಬುಳಿ ಬೇಡವೇ ಬೇಡ. ಕಾಯಿ ಹಾಕದ ಬೋಳು ಹುಳಿ ಅದಕ್ಕಿಂತ ಮೇಲು. ಬಿಸಿ ಆವಿ ಹೊರಡುತ್ತಿರುವಾಗಲೇ ಮುಚ್ಚುವುದೂ ಸರಿಯಲ್ಲ, ಮುಚ್ಚಳದ ಬೆವರು ಪಲ್ಯದ ಮೇಲೆ ಇಳಿಯುತ್ತದೆ.

ಖರ್ಚಿನ ವಿಷಯದಲ್ಲಿ ನನಗೆ ದೂರಿಲ್ಲ. ಹೋಟೆಲಿನ ಊಟಕ್ಕೆ ನಾನು ಕೊಡುತ್ತಿದ್ದುದು 70 ರೂಪಾಯಿ. ಮನೆಯ ಬುತ್ತಿಗೆ ಸುಮಾರು 30 ರೂಪಾಯಿ ತಗಲುತ್ತದೆ. ಅಂದರೆ 20 ಕೆಲಸದ ದಿನಗಳಲ್ಲಿ ಪಾತ್ರೆಯ ಬೆಲೆ ಹುಟ್ಟಿತು. ಹಿತ್ತಿಲಿನ ತೆಂಗಿನಕಾಯಿಗೆ ನಾನು ಬೆಲೆ ಕಟ್ಟಿಲ್ಲವೆಂದು ಮನೆಯವರ ಆಕ್ಷೇಪವಿದೆ, ಅದು ನ್ಯಾಯವೇ.

ಒಬ್ಬರ ಊಟಕ್ಕೆ ಎರಡು ಅಂತಸ್ತಿನದೇ ಸಾಕೆಂದು ಈಗ ಅನಿಸುತ್ತದೆ; ತುಂಬಿದ ಮೂರು ಡಬ್ಬಿಗಳ ಭಾರ ನಿಂತು ಪ್ರಯಾಣಿಸುವ ದಿನ ತಿಳಿಯುತ್ತದೆ. ಯಾವುದನ್ನು ಕೊಂಡರೂ ಅಂಗಡಿಯಲ್ಲೇ ಡಬ್ಬಿಗಳಿಗೆ ನೀರು ತುಂಬಿಸಿ, ಕೊಂಡಿ ಹಾಕಿ, ಒಮ್ಮೆ ಓರೆ ಮಾಡಿ ನೋಡಿ. ನಾನು ಆಯಸ್ಕಾಂತವನ್ನು ನೋಡುತ್ತಾ ನಿಂತಿದ್ದೆ.