ಬಾಕ್ಸ್ ಬಿಚ್ಚಿ ನೋಡುವ ಕಾರ್ಗೋ ಅಂಗಡಿ

ದುಬೈಯ ಕರಾಮಾ ಬಡಾವಣೆಯಲ್ಲಿ ಊರಿಗೆ ಸಾಮಾನು ಕಳಿಸುವ ಕಾರ್ಗೋ ಅಂಗಡಿಗಳಿಗೆ ಬರವಿಲ್ಲ. ನಾನು ದುಬೈಗೆ ಬಂದಿದ್ದು 2009ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಆರೇಳು ಅಂಗಡಿಗಳ ಕೈಗೆ ಬಾಕ್ಸ್ ಕೊಟ್ಟಿದ್ದೇನೆ. ಈಗ ಬರೀತಿರುವುದು ಒಳಬೀದಿಯ ಒಂದು ಚಿಕ್ಕ ಅಂಗಡಿ ಬಗ್ಗೆ. ನಡೆಸುವವರು ಕಾಸರಗೋಡಿನವರು, ಅರವತ್ತರ ಹತ್ತಿರ ವಯಸ್ಸು. ನಾವೆಲ್ಲ ಕಾಕ ಅಂತ ಕರೀತೀವಿ. ಕನ್ನಡ, ತುಳು, ಮಲಯಾಳ ಮೂರೂ ಸಲೀಸು. ಅಂಗಡಿ ಹೆಸರು ಹಾಕ್ತೀನಿ ಅಂದಿದ್ದಕ್ಕೆ ಬೇಡವೇ ಬೇಡ ಅಂದರು. "ಜನ ಜಾಸ್ತಿ ಬಂದ್ರೆ ಪ್ರತಿ ಬಾಕ್ಸ್ ಬಿಚ್ಚಿ ನೋಡ್ಲಿಕ್ಕೆ ನಂಗೆ ಆಗುದಿಲ್ಲ ಮಾರಾಯ್ರೆ" ಅನ್ನುವುದು ಅವರ ಕಾರಣ.

ಆ ಬಿಚ್ಚಿ ನೋಡುವ ಕೆಲಸಕ್ಕೇ ನಾನು ಈ ಅಂಗಡಿಯನ್ನು ಮೆಚ್ಚಿದ್ದು.

ಹಿಂದಿನ ಸಲ ಬೇರೆ ಕಡೆ ಹೋಗಿದ್ದೆ. ಅಲ್ಲಿನ ಕೌಂಟರ್ ಹುಡುಗ ಬಾಕ್ಸ್ ಒಳಗೆ ಏನಿದೆ ಅಂತ ಕೇಳಲೂ ಇಲ್ಲ. ತೂಕಕ್ಕೆ ಇಟ್ಟ, ಟೇಪ್ ಸುತ್ತಿದ, ಫಾರಂ ಮುಂದೆ ತಳ್ಳಿದ. ನಾನೇ ಬಾಯಿಬಿಟ್ಟು ಒಳಗೆ ಎರಡು ಪವರ್ ಬ್ಯಾಂಕ್ ಇದೆ ಅಂದೆ. "ಅದೆಲ್ಲ ಬರೀಬೇಡಿ, ಬಟ್ಟೆ, ತಿಂಡಿ ಅಂತ ಹಾಕಿ ಸಾಕು" ಅಂದ. ನಾನು ಹಾಗೇ ಬರೆದು ಸಹಿ ಹಾಕಿದೆ. ಬಾಕ್ಸ್ ಹತ್ತೇ ದಿನಕ್ಕೆ ಹೆಮ್ಮಾಡಿಯ ಮನೆಗೆ ತಲುಪಿತು. ಏನೂ ಆಗಲಿಲ್ಲ. ಆದರೆ ಆ ಸಹಿ ಈಗ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈ ಸಲ ಮಳೆಗಾಲಕ್ಕೆ ಮೊದಲೇ ಕಳಿಸಬೇಕಿತ್ತು. ನಮ್ಮ ಕಡೆ ಜೂನ್ ಬಂತು ಅಂದರೆ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಅಮ್ಮ ಒಬ್ಬರೇ ಇರುತ್ತಾರೆ. ಅವರಿಗೆ ಒಂದು ಎಮರ್ಜೆನ್ಸಿ ಲೈಟ್, ಭಾವನಿಗೆ 30,000 ಎಂಎಎಚ್ ಪವರ್ ಬ್ಯಾಂಕ್, ಅಕ್ಕನ ಮಗನಿಗೆ ರಿಮೋಟ್ ಕಾರು. ಉಳಿದಿದ್ದು ಎಲ್ಲರೂ ಕಳಿಸುವುದೇ: ಟ್ಯಾಂಗ್, ನಿಡೋ ಹಾಲಿನ ಪುಡಿ, ಖರ್ಜೂರ, ಕಂಬಳಿ, ಬಾಡಿ ಸ್ಪ್ರೇ. ಏರ್ ಕಾರ್ಗೋದಲ್ಲಿ ಕಳಿಸೋಣ ಅಂತ ಕಾಕನ ಅಂಗಡಿಗೆ ಹೋದೆ.

ಕಾಕ ಟೇಪ್ ಕತ್ತರಿಸಿದರು. ಒಂದೊಂದೇ ಸಾಮಾನು ತೆಗೆದು ಟೇಬಲ್ ಮೇಲೆ ಇಟ್ಟರು. ಕಂಬಳಿಯ ಮಡಿಕೆ ಒಳಗೂ ಕೈ ಹಾಕಿ ನೋಡಿದರು. ಪವರ್ ಬ್ಯಾಂಕ್ ಸಿಕ್ಕಿದ್ದು ಅಲ್ಲೇ. ಕನ್ನಡಕ ಏರಿಸಿಕೊಂಡು ಹಿಂದಿನ ಚಿಕ್ಕ ಅಕ್ಷರ ಓದಿದರು. ಒಂದು ಹಳೆ ಬಿಲ್ಲಿನ ಹಿಂದೆ ಪೆನ್ನಲ್ಲಿ ಲೆಕ್ಕ ಹಾಕಿ ತೋರಿಸಿದರು. ಎಂಎಎಚ್ ಅನ್ನು ಸೆಲ್ಲಿನ ವೋಲ್ಟ್ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್ ಅವರ್, ಅಂದರೆ ಒಳಗೆ ಎಷ್ಟು ಶಕ್ತಿ ತುಂಬುತ್ತದೆ ಅನ್ನುವ ಲೆಕ್ಕ ಸಿಗುತ್ತದೆ. 30,000ಕ್ಕೆ 111 ಬಂತು. "ಶೆಟ್ರೇ, ಪವರ್ ಬ್ಯಾಂಕ್ ಹೇಗೂ ಈ ಕಾರ್ಗೋದಲ್ಲಿ ಹೋಗುದಿಲ್ಲ. ಇದು ನೂರು ದಾಟಿತು, ನಿಮ್ಮ ಹ್ಯಾಂಡ್ ಬ್ಯಾಗಲ್ಲೂ ಏರ್‌ಲೈನ್ ಒಪ್ಪಿಗೆ ಇಲ್ಲದೆ ಹೋಗುದಿಲ್ಲ." 20,000 ಎಂಎಎಚ್‌ನದಾಗಿದ್ದರೆ 74. ಅದನ್ನು ಕೈಯಲ್ಲಿ ಒಯ್ಯಬಹುದು, ಚೆಕ್ ಇನ್ ಬ್ಯಾಗಲ್ಲಿ ಹಾಕುವಂತಿಲ್ಲ.

ಎಮರ್ಜೆನ್ಸಿ ಲೈಟಿನ ತಳದ ಸ್ಕ್ರೂ ಬಿಚ್ಚಿದರು. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಎರಡು ಲಿಥಿಯಂ ಸೆಲ್. ಬ್ರ್ಯಾಂಡ್ ಇಲ್ಲ, ಏನೂ ಬರೆದಿಲ್ಲ. ಬರೀ ನೀಲಿ ಪ್ಲಾಸ್ಟಿಕ್ ಸುತ್ತಿತ್ತು. ಒಂದು ಸೆಲ್ಲಿನ ತುದಿಯಲ್ಲಿ ಆ ಪ್ಲಾಸ್ಟಿಕ್ ಸುಲಿದು ಒಳಗಿನ ಲೋಹ ಕಾಣುತ್ತಿತ್ತು. ಹೊಸ ಲೈಟ್ ಅದು, ಅಂಗಡಿಯಿಂದ ತಂದು ಮೂರು ದಿನ ಆಗಿರಲಿಲ್ಲ. ರಿಮೋಟ್ ಕಾರಿನ ಬ್ಯಾಟರಿಯನ್ನೂ ತೆಗೆದರು, ಸ್ಪ್ರೇ ಕ್ಯಾನನ್ನೂ ಹೊರಗಿಟ್ಟರು.

ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ಚಿಕ್ಕ ಸೆಲ್ಲಿಗೆ ಇಷ್ಟೊಂದು ಯಾಕೆ ಅಂದೆ. ಆಗ ಕಾಕ ಕೇಳಿದರು: "2010ರಲ್ಲಿ ಸಿಲಿಕಾನ್ ಓಯಸಿಸ್ ಹತ್ತಿರ ವಿಮಾನ ಬಿದ್ದದ್ದು ನೆನಪುಂಟಾ?"

ನೆನಪಿಲ್ಲದೆ ಇರುತ್ತದಾ! ಆಗ ನಾನು ಅದರ ಹತ್ತಿರದ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ಐದು ಜನರ ಜೊತೆ ರೂಮಲ್ಲಿದ್ದೆ. ಸೆಪ್ಟೆಂಬರ್ 3, ಶುಕ್ರವಾರ, ರಂಜಾನ್ ತಿಂಗಳು. ರೂಮಿನ ಹುಡುಗರು ಇಫ್ತಾರ್ ಮುಗಿಸಿ ಕೂತಿದ್ದರು. ಏಳೂಮುಕ್ಕಾಲರ ಹೊತ್ತಿಗೆ ಬಾಲ್ಕನಿಗೆ ಬಂದರೆ ಒಂದು ಕಡೆ ಆಕಾಶ ಕೆಂಪಾಗಿತ್ತು. ವಿಮಾನ ಅಂತ ಗೊತ್ತಾದಾಗ ಕೈಕಾಲು ತಣ್ಣಗಾಯಿತು. ದುಬೈಯಿಂದ ಹೊರಟ ವಿಮಾನ ಬಜ್ಪೆಯಲ್ಲಿ ಬಿದ್ದು 158 ಜನ ಹೋಗಿ ಆಗ ಮೂರೂವರೆ ತಿಂಗಳೂ ಆಗಿರಲಿಲ್ಲ. ಊರಿಂದ ಅಮ್ಮ ಫೋನ್ ಮಾಡಿ ನನ್ನ ಧ್ವನಿ ಕೇಳುವವರೆಗೆ ಅಳುತ್ತಿದ್ದರು. ಬಿದ್ದಿದ್ದು ಕಾರ್ಗೋ ವಿಮಾನ, ಇದ್ದಿದ್ದು ಪೈಲಟ್‌ಗಳು ಇಬ್ಬರೇ ಅಂತ ಆಮೇಲೆ ತಿಳಿಯಿತು. ಎಂಜಿನ್ ಕೆಟ್ಟಿರಬೇಕು ಅಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ.

ಎಂಜಿನ್ ಅಲ್ಲ, ಬ್ಯಾಟರಿ ಅಂದರು ಕಾಕ. ಅವತ್ತು ರಾತ್ರಿ ಮನೆಗೆ ಬಂದು ಯುಎಇಯ ವಿಮಾನಯಾನ ಪ್ರಾಧಿಕಾರ ಜಿಸಿಎಎ 2013ರಲ್ಲಿ ಕೊಟ್ಟ ತನಿಖಾ ವರದಿ ತೆಗೆದು ಓದಿದೆ. ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್‌ನ ಬೋಯಿಂಗ್ 747, ಫ್ಲೈಟ್ 6. ಹಾಂಗ್‌ಕಾಂಗ್‌ನಿಂದ ಬಂದು ದುಬೈಯಿಂದ ಜರ್ಮನಿಯ ಕಲೋನ್‌ಗೆ ಹೊರಟಿತ್ತು. ಒಳಗೆ 81,000ಕ್ಕೂ ಜಾಸ್ತಿ ಲಿಥಿಯಂ ಬ್ಯಾಟರಿಗಳು. ಮೇಲೇರಿ 22 ನಿಮಿಷಕ್ಕೆ ಬೆಂಕಿಯ ಗಂಟೆ ಹೊಡೆಯಿತು. ದೋಹಾ ನೂರು ನಾಟಿಕಲ್ ಮೈಲಿ ದೂರದಲ್ಲಿದೆ ಅಂತ ಬಹ್ರೇನ್ ಕಂಟ್ರೋಲರ್ ಹೇಳಿದರು. ಕ್ಯಾಪ್ಟನ್ ಅದಕ್ಕಿಂತ ದೂರದ ದುಬೈಗೇ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಅವರ ಆಕ್ಸಿಜನ್ ನಿಂತಿತು. ಬೇರೆ ಆಕ್ಸಿಜನ್ ತರಲು ಸೀಟು ಬಿಟ್ಟು ಎದ್ದವರು ವಾಪಸ್ ಬರಲಿಲ್ಲ. ಕಾಕ್‌ಪಿಟ್ ತುಂಬ ಹೊಗೆ. ಇನ್ನೊಬ್ಬ ಪೈಲಟ್‌ಗೆ ಎದುರಿನ ಮೀಟರುಗಳೇ ಕಾಣುತ್ತಿರಲಿಲ್ಲ. ರೇಡಿಯೋ ಫ್ರೀಕ್ವೆನ್ಸಿ ಬದಲಿಸಲೂ ಆಗದೆ, ಹತ್ತಿರ ಹಾರುತ್ತಿದ್ದ ಬೇರೆ ವಿಮಾನದವರ ಮೂಲಕ ಕೇಳುತ್ತಾ ಬಂದರು. ನಾನು ಎಷ್ಟು ಎತ್ತರದಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಅಂತ ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳಬೇಕಾದ ಸ್ಥಿತಿ. ದುಬೈ ಏರ್‌ಪೋರ್ಟ್ ಮೇಲೆ ಬಂದಾಗ ಎತ್ತರವೂ ಜಾಸ್ತಿ, ವೇಗವೂ ಜಾಸ್ತಿ. ದಾಟಿ ಹೋಗಿ ಬಿದ್ದಿತು. ಗಂಟೆ ಹೊಡೆದ ಮೇಲೆ ಒಟ್ಟು ಅರ್ಧ ಗಂಟೆ, ಅಷ್ಟೇ.

ಆ ವಿಮಾನದ ಸರಕು ತುಂಬುವ ಮುಖ್ಯ ಡೆಕ್‌ನಲ್ಲಿ ಬೆಂಕಿ ಆರಿಸುವ ಗ್ಯಾಸ್ ವ್ಯವಸ್ಥೆ ಇರಲಿಲ್ಲ. ಒಳಗಿನ ಗಾಳಿ ಕಡಿಮೆ ಮಾಡಿ ಬೆಂಕಿ ಅಡಗಿಸುವುದೇ ಅಲ್ಲಿನ ಉಪಾಯ. ಕಾಗದ, ಬಟ್ಟೆಗಾದರೆ ಅದು ಸಾಕಾಗಬಹುದು. ಲಿಥಿಯಂ ಸೆಲ್ ಕಾದರೆ ಒಳಗಿನ ರಾಸಾಯನಿಕವೇ ಶಾಖ ಕೊಡುತ್ತಾ ಹೋಗುತ್ತದೆ. ಒಂದು ಪಕ್ಕದ್ದನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಬ್ಯಾಟರಿ ಇದ್ದ ಸರಕು ತಾನಾಗಿ ಹೊತ್ತಿಕೊಂಡಿರಬೇಕು ಅನ್ನುತ್ತದೆ ವರದಿ. ಅದಕ್ಕಿಂತ ನನ್ನ ಎದೆಗೆ ತಾಗಿದ್ದು ಇನ್ನೊಂದು ಸಾಲು. ಅಪಾಯಕಾರಿ ಸರಕು ಅಂತ ತೋರಿಸಬೇಕಿದ್ದ ಕನಿಷ್ಠ ಮೂರು ಲೋಡ್ ಬ್ಯಾಟರಿಗಳನ್ನು ಕಾಗದದಲ್ಲಿ ಹಾಗೆ ತೋರಿಸಿರಲೇ ಇಲ್ಲ. "ಬಟ್ಟೆ, ತಿಂಡಿ" ಅಂತ ನಾನು ಬರೆದ ಹಾಗೇ, ಅಲ್ವಾ?

ಮರುವರ್ಷ ಜುಲೈನಲ್ಲಿ ಏಷಿಯಾನಾ ಏರ್‌ಲೈನ್ಸ್‌ನ ಕಾರ್ಗೋ 747 ಕೂಡ ಬೆಂಕಿ ಹತ್ತಿ ಕೊರಿಯಾದ ಜೇಜು ಬಳಿ ಸಮುದ್ರಕ್ಕೆ ಬಿತ್ತು. ಅದರಲ್ಲೂ ಲಿಥಿಯಂ ಬ್ಯಾಟರಿ ಇತ್ತು, ಇಬ್ಬರು ಪೈಲಟ್‌ಗಳೂ ತೀರಿಕೊಂಡರು. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕಬಾರದು, ಕಾರ್ಗೋ ವಿಮಾನದಲ್ಲಾದರೆ 30 ಪರ್ಸೆಂಟ್‌ಗಿಂತ ಜಾಸ್ತಿ ಚಾರ್ಜ್ ಇರಬಾರದು ಅನ್ನುವ ನಿಯಮ ಬಂದಿದ್ದು 2016ರ ಏಪ್ರಿಲ್‌ನಲ್ಲಿ.

ಕಾಕ ತೂಕದ ವಿಷಯದಲ್ಲೂ ಅಷ್ಟೇ ಖಡಕ್. ಅರ್ಧ ಕಿಲೋ ಕಡಿಮೆ ಬರೆಯಿರಿ ಅಂದರೂ ಬರೆಯುವುದಿಲ್ಲ. ಇದಕ್ಕೂ ಅವರ ಹತ್ತಿರ ಒಂದು ದುಬೈ ಕಥೆ ಇದೆ. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಿಂದ ದುಬೈಗೆ ಹೊರಟ ಕಾರ್ಗೋ 747, ಏರಿದ ತಕ್ಷಣ ಮೂಗು ಮೇಲೆತ್ತಿ ನೆಲಕ್ಕೆ ಬಿತ್ತು. ಒಳಗೆ ಸೈನ್ಯದ ಐದು ಭಾರೀ ವಾಹನ ಇತ್ತು. ಕಟ್ಟಿದ್ದು ಸಾಲದೆ ಕನಿಷ್ಠ ಒಂದು ಬಿಚ್ಚಿಕೊಂಡು ಹಿಂದಕ್ಕೆ ಜಾರಿತ್ತು. ಬಾಲದ ರೆಕ್ಕೆ ತಿರುಗಿಸುವ ಭಾಗವನ್ನೇ ಮುರಿದಿತ್ತು. ಏಳು ಜನ ಹೋದರು. ನಮ್ಮ ಬಾಕ್ಸ್ ಅಷ್ಟು ದೊಡ್ಡದಲ್ಲ, ನಿಜ. ಆದರೆ ಸರಕನ್ನು ಎಲ್ಲಿ ಇಡಬೇಕು, ಎಷ್ಟು ಗಟ್ಟಿ ಕಟ್ಟಬೇಕು ಅನ್ನುವ ಲೆಕ್ಕಕ್ಕೆ ತೂಕ ಸರಿಯಾಗಿ ಗೊತ್ತಿರಬೇಕು.

ಈಗ ಅಂಗಡಿಯ ಉಳಿದ ವಿಷಯ. ರೇಟು ಪಕ್ಕದ ಬೀದಿಗಿಂತ ಕಿಲೋಗೆ ಎರಡು ದಿರ್ಹಮ್ ಜಾಸ್ತಿ. ನನ್ನ ಬಾಕ್ಸ್ ಹೇಳಿದ್ದಕ್ಕಿಂತ ನಾಲ್ಕು ದಿನ ತಡವಾಗಿ ತಲುಪಿತು, ಫೋನ್ ಮಾಡಿದರೆ ಎತ್ತಲು ಕಾಕ ಒಬ್ಬರೇ, ಹಾಗಾಗಿ ವಿಚಾರಿಸಲೂ ಕಷ್ಟ. ಇದಕ್ಕೆ ಅರ್ಧ ಅಂಕ ಕಡಿಮೆ. ಪ್ಯಾಕಿಂಗ್ ಮಾತ್ರ ಗಟ್ಟಿ. ನಿಡೋ ಡಬ್ಬ ಒಂದೂ ನೆಗ್ಗಿರಲಿಲ್ಲ ಅಂತ ಅಮ್ಮ ಹೇಳಿದರು. ಐದಕ್ಕೆ ನಾಲ್ಕೂವರೆ ಕೊಡ್ತೀನಿ.

ಲೈಟಿನ ದುಡ್ಡನ್ನು ಅಮ್ಮನ ಖಾತೆಗೆ ಹಾಕಿದೆ. ಅವರು ಕುಂದಾಪುರದಲ್ಲೇ ಒಂದು ತಗೊಂಡರು.

ಹೋಗುವುದಾದರೆ ಶುಕ್ರವಾರ ನಾಲ್ಕು ಗಂಟೆ ಮೇಲೆ ಹೋಗಿ, ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ. ಮನೆಯಲ್ಲೇ ಟೇಪ್ ಸುತ್ತಿಕೊಂಡು ಹೋಗಬೇಡಿ, ಹೇಗೂ ಬಿಚ್ಚುತ್ತಾರೆ.